ಸೂರಿನಡಿಯ ಗುಣಿಗಳು

ಪರ್, ಪರ್ ಎಂದು ತೆಂಗಿನಕಡ್ಡಿ ಪೊರಕೆಯ ಸದ್ದು. ಬಸ್ತಿಹಳ್ಳಿಯ ಅಕ್ಕನ ಅಂಗಳದ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನಾನು ಅವಳ ಮನೆಗೆ ಹೋಗಿದ್ದ ಆ ಬೇಸಿಗೆಯಲ್ಲಿ ಅದು ನಡುನಡುವೆ ನಿಲ್ಲುತ್ತಿತ್ತು. ಅಕ್ಕನಿಗೆ ವಯಸ್ಸಾಯಿತು ಅಂದುಕೊಂಡೆ, ಅಷ್ಟೇ.

ಸೂರಿನ ಕೆಳಗಿನ ಒಂದು ಮೊಳ ಜಾಗವನ್ನು ಮಾತ್ರ ಅವಳು ಗುಡಿಸುತ್ತಿರಲಿಲ್ಲ, ನೀರೂ ಚಿಮುಕಿಸುತ್ತಿರಲಿಲ್ಲ. ಅಲ್ಲಿನ ಒಣ ಧೂಳಿನಲ್ಲಿ ಆಲಿಕೆಯಂಥ ಪುಟ್ಟ ಗುಣಿಗಳು. ಒಂದೊಂದರ ತಳದಲ್ಲೂ ಇರುವೆ ಜಾರಿ ಬೀಳಲೆಂದು ಕಾಯುವ ಒಂದು ಹುಳ. ಕಾನ್ವೆಂಟಿನಲ್ಲಿ ಅದನ್ನು ಆಂಟ್‌ಲಯನ್ ಎಂದು ಓದಿದ್ದೆ. ಅಕ್ಕ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ನಾನು ಅರಸೀಕೆರೆಯಲ್ಲಿ ಬಯಾಲಜಿ ಪಾಠ ಮಾಡಿ ರಿಟೈರ್ ಆದ ಮೇಲೂ ಅವಳ ಬಾಯಲ್ಲಿ ಟೀಚರಮ್ಮನೇ.

ಒಂದು ಬೆಳಿಗ್ಗೆ ಪೊರಕೆ ಬಿಟ್ಟು, ಗುಣಿ ನೋಡುತ್ತ ಕೂತಿದ್ದ ನನ್ನ ಪಕ್ಕ ಕುಕ್ಕರಿಸಿದಳು.

"ಟೀಚರಮ್ಮ, ಇದು ಇಷ್ಟೊಂದು ತಿಂತೈತಲ್ಲ, ಹೊರಕ್ಕೆ ಎಂಗ್ ಓಯ್ತೈತೆ?"

ನನಗೆ ಖುಷಿಯೋ ಖುಷಿ. "ಹೋಗೋದೇ ಇಲ್ಲ ಕಣಕ್ಕ!" ಎಂದು ಲೆನ್ಸ್ ತಂದು ಲೆಕ್ಚರ್ ಶುರುಮಾಡಿದೆ. ಕುಡುಗೋಲಿನಂಥ ಟೊಳ್ಳು ದವಡೆ, ಅದರಲ್ಲೇ ರಸ ಹೀರುವುದು. ಕರುಳು ನಡುವೆಯೇ ಮುಚ್ಚಿದೆ. ಎರಡು ಮೂರು ವರ್ಷದ ಕಸವೆಲ್ಲ ಹೊಟ್ಟೆಯಲ್ಲೇ. ಮರಳಿನುಂಡೆಯೊಳಗೆ ರೆಕ್ಕೆ ಮೂಡಿ ಈಚೆ ಬಂದ ಮೇಲೆಯೇ ಬಿಡುಗಡೆ. ದೀಪಕ್ಕೆ ಬರುವ ಹಸಿರು ರೆಕ್ಕೆಹುಳ, ಲೇಸ್‌ವಿಂಗ್, ಇದರ ನೆಂಟನೇ; ಮರಿಯಲ್ಲಿ ಅದಕ್ಕೂ ಇದೇ ಏರ್ಪಾಡು. ಡೈನೋಸಾರ್‌ಗಳಿಗಿಂತ ಹಳೆಯ ವಂಶ.

"ಅಷ್ಟ್ ದಿನ ಕಟ್ಕಂಡಿದ್ರೆ ಹೊಟ್ಟೆ ನೋಯಾಕಿಲ್ವೇನೇ?"

"ನೋವು ತಿಳಿಯೋವಷ್ಟು ಬ್ರೈನ್ ಅದಕ್ಕೆಲ್ಲಿ?"

"ಪುಣ್ಯ ಮಾಡೈತೆ ಬುಡು," ಎಂದು ಎದ್ದಳು. ಏಳುವಾಗ ಸೊಂಟಕ್ಕಲ್ಲ, ಹೊಟ್ಟೆಗೆ ಕೈ ಕೊಟ್ಟಿದ್ದಳು. ನನ್ನ ಕಣ್ಣು ಲೆನ್ಸಿನಲ್ಲಿತ್ತು.

ಮಳೆಗಾಲಕ್ಕೆ ಅವಳ ಕರುಳು ಪೂರ್ತಿ ಕಟ್ಟಿತು. ಒಳಗೆ ಗಡ್ಡೆ. ಎಷ್ಟು ದಿನದಿಂದ ಹೀಗಿದೆ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರೆ, ಅಕ್ಕ ನನ್ನತ್ತ ಬೆರಳು ತೋರಿಸಿ ನಕ್ಕಳು. "ಬ್ಯಾಸಗೇಲೇ ನಮ್ ಟೀಚರಮ್ಮನ್ನ ಕೇಳಿದ್ನಲ್ಲ ಸಾರ್. ಹುಳದ್ ಪಾಠ ಮಾಡುದ್ಲು."

ಆಪರೇಷನ್ನಿನ ಹೊತ್ತು ಮೀರಿತ್ತು. ಮನೆಗೆ ಕರೆತಂದೆವು. ಒಂದು ದಿನ ಅವಳ ಪೊರಕೆ ಹಿಡಿದು, ಆ ಮೊಳ ಜಾಗ ಬಿಟ್ಟು, ಅಂಗಳವನ್ನೆಲ್ಲ ನಾನೇ ಗುಡಿಸಿದೆ. ಬಸ್ಸಿಗೆ ಹೊರಡುವಾಗ ಸೂರಿನಡಿ ಹಾಕಿದ್ದ ಅವಳ ಮಂಚದ ಪಕ್ಕ ಕೂತು, ಅಂತೂ ಕೇಳಿದೆ: "ತುಂಬಾ ನೋವಾ ಅಕ್ಕ?"

"ಊಂ ಕಣೇ. ಐತೆ."

ಅಂಗಳ ದಾಟಿ ತಿರುಗಿ ನೋಡಿದಾಗ ಅಕ್ಕ ಮಂಚದಿಂದ ಕೈ ಇಳಿಬಿಟ್ಟು, ಗುಣಿಯ ಅಂಚಿಗೆ ಬಂದ ಇರುವೆಯೊಂದನ್ನು ಬೆರಳಿಂದ ಆಚೆ ಸರಿಸುತ್ತಿದ್ದಳು. ನಾನು ಅವಳನ್ನು ಕಂಡದ್ದು ಅದೇ ಕೊನೆಯ ಸಲ.