ತಲೆಗೆ ಗೋರಂಟಿ, ಬಾಗಿಲಿಗೆ ಚಿಲಕ

ಅಮ್ಮನ ತಲೆಗೆ ಗೋರಂಟಿ ಹಚ್ಚುತ್ತಿದ್ದವಳು ನಾನು. ತಾನೇ ಹಚ್ಚಿಕೊಂಡರೆ ಅಂಗೈ ಕೆಂಪಾಗುತ್ತದೆ ಎಂಬುದು ಅವಳ ಭಯ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡನಿಲ್ಲದವಳ ಕೈ ಕೆಂಪಾಗಿದ್ದರೆ ಜನ ಏನೆನ್ನುತ್ತಾರೆ ಎಂದು ಅವಳು ಬಿಡಿಸಿ ಹೇಳಲಿಲ್ಲ. ಅಪ್ಪನ ಕಚೇರಿಯಲ್ಲೇ ಅವಳಿಗೆ ಕೆಲಸ ಸಿಕ್ಕಿತ್ತು. ನಲವತ್ತೆರಡಕ್ಕೇ ತಲೆ ಮುಕ್ಕಾಲು ನರೆತಿತ್ತು. ಹೊಸದಾಗಿ ಸೇರಿದ ಟೈಪಿಸ್ಟ್ ಹುಡುಗಿ, ‘ಮೊಮ್ಮಕ್ಕಳು ಎಷ್ಟು ಜನ ಮೇಡಂ?’ ಎಂದು ಕೇಳಿದಳಂತೆ. ಗೋರಂಟಿ ಶುರುವಾದದ್ದು ಆಮೇಲೆ.

ಪುಡಿಯನ್ನು ನಾನು ಶಿವಾಜಿನಗರದ ಮಾರ್ಕೆಟ್ಟಿನಿಂದ ತರುತ್ತಿದ್ದೆ. ಅಂಗಡಿಯವರು ಪ್ರತಿ ಸಲವೂ ‘ತಲೆಗಾಮ್ಮಾ, ಕೈಗಾ?’ ಎಂದು ಕೇಳುವರು. ಶನಿವಾರವೇ ಅದನ್ನು ಕಬ್ಬಿಣದ ಬಾಣಲೆಯಲ್ಲಿ ಕಾಫಿ ಡಿಕಾಕ್ಷನ್ ಹಾಕಿ ಕಲಸಿಡಬೇಕು. ಹಚ್ಚುವ ಹೊತ್ತಿಗೆ ನೀಲಗಿರಿ ಎಣ್ಣೆ ಬೆರೆಸಬೇಕು, ಇಲ್ಲದಿದ್ದರೆ ಅಮ್ಮನಿಗೆ ನೆಗಡಿ. ಭಾನುವಾರ ಮುಂಬಾಗಿಲಿಗೆ ಚಿಲಕ ಬೀಳುತ್ತಿತ್ತು. ಯಾರು ಬಂದರೂ ಅಮ್ಮ ಮನೆಯಲ್ಲಿಲ್ಲ. ಜೀವನ್ ಬಿಮಾ ನಗರದಲ್ಲಿ ನಾವಿದ್ದ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿದ್ದಿರಬೇಕು ಎಂದು ಈಗ ಅನ್ನಿಸುತ್ತದೆ. ಇಟ್ಟಿಗೆ ಬಣ್ಣದ ಕೂದಲು ಯಾರಿಗೂ ಹುಟ್ಟಿನಿಂದ ಬರುವುದಿಲ್ಲ.

ಆ ಭಾನುವಾರ ಬೆಳಿಗ್ಗೆ ಗ್ಯಾಸ್ ಮುಗಿದಿತ್ತು. ಹೊಸ ಸಿಲಿಂಡರ್ ಜೋಡಿಸಿದ್ದು ನಾನೇ. ಒಳಗಿನ ರಬ್ಬರ್ ವಾಷರ್ ಸೀಳಿತ್ತೆಂದು ಆಮೇಲೆ ಬಂದ ಮೆಕ್ಯಾನಿಕ್ ತೋರಿಸಿದ. ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ, ಕೆಮಿಸ್ಟ್ರಿ ಓದುತ್ತಿದ್ದೆ. ವಾಷರ್ ನೋಡಬೇಕೆಂದು ಹೊಳೆಯಲಿಲ್ಲ.

ಅಮ್ಮನ ತಲೆಗೆ ಹಚ್ಚಿ, ಪ್ಲಾಸ್ಟಿಕ್ ಕವರ್ ಸುತ್ತಿ ಕಟ್ಟಿ, ಕೈ ತೊಳೆಯಲು ಹಿಂದಿನ ಬಾಲ್ಕನಿಗೆ ಹೋದೆ. ಮನೆಯೆಲ್ಲ ಗೋರಂಟಿ, ನೀಲಗಿರಿ ಎಣ್ಣೆಯ ಘಾಟು. ಬೇರೆ ಯಾವ ವಾಸನೆಯೂ ನಮ್ಮಿಬ್ಬರ ಮೂಗಿಗೆ ಬೀಳಲಿಲ್ಲ. ಎದುರುಮನೆಯಾಕೆ ಬಾಗಿಲು ಬಡಿದದ್ದು ನನಗೆ ಬಾಲ್ಕನಿಯಿಂದಲೇ ಕೇಳಿಸಿತು.

“ರೀ, ಬಾಗ್ಲು ತೆಗೀರಿ. ಗ್ಯಾಸ್ ವಾಸ್ನೆ ಬರ್ತಿದೆ.”

“ನಮ್ಮನೇದಲ್ಲ ರೀ. ಕೆಳಗಡೆ ಇರ್ಬೇಕು ನೋಡಿ,” ಎಂದಳು ಅಮ್ಮ ಚಿಲಕ ತೆಗೆಯದೆಯೇ.

“ಕೆಳಗಡೆ ನೋಡ್ಕೊಂಡೇ ಬಂದೆ. ನಿಮ್ದೇ. ತೆಗೀರಿ.”

“ಎರಡೇ ನಿಮಿಷ. ತಲೆಗೆ ನೀರು ಹಾಕ್ಕೊಂಡು ತೆಗೀತೀನಿ.”

“ಗ್ಯಾಸ್ ಸೋರ್ತಿದೆ ಅಂದ್ರೆ ಸ್ನಾನ ಅಂತೀರಲ್ರೀ!”

ನಾನು ಒಳಗೆ ಬಂದೆ. ಅಡುಗೆಮನೆಯಿಂದ ಸಣ್ಣಗೆ ಸುಯ್ ಎನ್ನುವ ಸದ್ದು ಬರುತ್ತಿತ್ತು. ಬಚ್ಚಲಮನೆ ಅದರ ಪಕ್ಕದಲ್ಲೇ. ಗೀಸರಿನ ಸ್ವಿಚ್ಚು ಎರಡೂ ಬಾಗಿಲುಗಳ ನಡುವಿನ ಗೋಡೆಯ ಮೇಲಿತ್ತು. ಅಮ್ಮ ಅದರ ಮುಂದೆ ನಿಂತಿದ್ದಳು, ಬೆರಳು ಸ್ವಿಚ್ಚಿನ ಮೇಲೆ. ನಾನು ಕೂಗಬೇಕಿತ್ತು. ಕೂಗಿದೆನೋ ಇಲ್ಲವೋ ತಿಳಿಯದು. ಟಕ್ ಎಂದಿತು.

ಏನೂ ಆಗಲಿಲ್ಲ. ಸ್ವಿಚ್ಚಿನ ಪಕ್ಕದ ಕೆಂಪು ದೀಪ ಹತ್ತಲಿಲ್ಲ. ಕರೆಂಟ್ ಇರಲಿಲ್ಲ. ಹಗಲಲ್ಲಿ ಕರೆಂಟ್ ತೆಗೆಯುವುದು ಆ ವರ್ಷಗಳಲ್ಲಿ ಮಾಮೂಲು. ಚಳಿಗಾಲ, ಫ್ಯಾನ್ ಹಾಕಿರಲಿಲ್ಲ, ಹೋದದ್ದು ನಮಗೆ ತಿಳಿದಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಮೂರು ಕೆಲಸ: ರೆಗ್ಯುಲೇಟರ್ ಮುಚ್ಚಿದೆ, ಕಿಟಕಿ ತೆಗೆದೆ, ಸ್ವಿಚ್ಚನ್ನು ಮೇಲಕ್ಕೆತ್ತಿದೆ. ಯಾವುದು ಮೊದಲು ಎಂಬುದು ನೆನಪಿಲ್ಲ. ಇಷ್ಟು ವರ್ಷಗಳಲ್ಲಿ ಎಲ್ಲ ಕ್ರಮಗಳಲ್ಲೂ ಜೋಡಿಸಿ ನೋಡಿದ್ದೇನೆ. ಸ್ವಿಚ್ಚು ಕೊನೆಯದಾಗಿದ್ದರೆ ಅಷ್ಟು ಹೊತ್ತೂ ಅದು ಹಾಕಿಯೇ ಇತ್ತು, ಕರೆಂಟ್ ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು.

ಚಿಲಕ ತೆಗೆಯಲು ಹೋದರೆ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. “ಹಿಂಗೇನೇ? ಒಂದು ಟವೆಲ್ಲಾದ್ರೂ ತಾ.” ಟವೆಲ್ ಒಳಕೋಣೆಯಲ್ಲಿತ್ತು. ನಾನು ತರಲಿಲ್ಲ. ಅವಳ ರಟ್ಟೆ ಹಿಡಿದು ಹೊರಗೆಳೆದೆ.

ಎದುರುಮನೆಯಾಕೆ ನಮಗಿಂತ ಮೊದಲೇ ಕೆಳಗಿಳಿದು, ಮೀಟರ್ ಬೋರ್ಡಿನಿಂದ ನಮ್ಮ ಮನೆಯ ಫ್ಯೂಸ್ ಕಿತ್ತು, ಆ ಪಿಂಗಾಣಿಯ ತುಂಡನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಫ್ರಿಜ್ಜಿನ ನೆನಪು ನನಗೆ ಬಂದದ್ದು ಅದನ್ನು ಕಂಡ ಮೇಲೆ. ಗೀಸರ್ ಆರಿಸಿದ್ದರೂ ಕರೆಂಟ್ ಬಂದೊಡನೆ ಫ್ರಿಜ್ ತಾನಾಗಿ ಶುರುವಾಗುತ್ತಿತ್ತು.

ಕಟ್ಟಡದವರೆಲ್ಲ ಅಂಗಳದಲ್ಲಿದ್ದರು. ಅಮ್ಮ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಳು. ಕವರಿನಿಂದ ಹಸಿರು ನೀರು ಕಿವಿಯ ಹಿಂದೆ ಇಳಿಯುತ್ತಿತ್ತು. ಮೇಲಿನ ಮನೆಯಾಕೆ ಹತ್ತಿರ ಬಂದು, “ಅಯ್ಯೋ, ಇದಾ ವಿಷ್ಯ? ನಿಮ್ ಕೂದ್ಲೇ ಹಂಗೆ ಅಂದ್ಕೊಂಡಿದ್ವಲ್ರೀ,” ಎಂದರು.

“ಬಿಡ್ರೀ,” ಎಂದರು ಎದುರುಮನೆಯಾಕೆ. “ನಿಮ್ ಡೈ ಬಾಟ್ಲಿ ತಂದ್ಕೊಡೋದು ನಮ್ಮ ಯಜಮಾನ್ರೇ ಅಲ್ವಾ?”

ಒಂದಿಬ್ಬರು ನಕ್ಕರು. ಆಗಲೇ ಕೆಳಮನೆಯ ರೇಡಿಯೋ ತಾನಾಗಿ ಮಾತಾಡತೊಡಗಿತು. ಕರೆಂಟ್ ಬಂದಿತ್ತು. ಎದುರುಮನೆಯಾಕೆ ನನ್ನ ಮುಖ ನೋಡಿದರು, ನಾನು ಅವರ ಕೈಯಲ್ಲಿದ್ದ ಫ್ಯೂಸ್ ನೋಡಿದೆ. ಮೆಕ್ಯಾನಿಕ್ ಬಂದು ನೋಡಿ, ‘ಇನ್ನು ಒಳಗೆ ಹೋಗಿ’ ಎಂದಾಗ ಮೂರು ಗಂಟೆ ದಾಟಿತ್ತು.

ಸುಮಾರು ಹತ್ತು ವರ್ಷದ ಮೇಲೆ, ಕೆ.ಆರ್. ಪುರದ ನನ್ನ ಮನೆಯಲ್ಲಿ ಅಮ್ಮನ ತಲೆಗೆ ಹಚ್ಚುತ್ತಿದ್ದಾಗ, ಮೊದಲ ಸಲ ಹೇಳಿದೆ: ಆವತ್ತು ನೀನು ಗೀಸರ್ ಸ್ವಿಚ್ ಹಾಕಿಬಿಟ್ಟಿದ್ದೆ, ಕರೆಂಟ್ ಇರದೆ ಉಳಿದುಕೊಂಡೆವು.

“ನಾನಾ? ಇಲ್ಲ ಕಣೇ. ನಾನೆಲ್ಲಿ ಹಾಕ್ದೆ?”

“ಹಾಕಿದ್ದೆ. ನಾನು ನೋಡ್ದೆ.”



“ನಂಗೆ ಜ್ಞಾಪಕ ಇರೋದು ಆ ಮೇಲಿನ ಮನೆಯವಳು. ಹಳದಿ ನೈಟಿ ಹಾಕ್ಕೊಂಡು, ಬಾಯಿಗೆ ಟವೆಲ್ ಅಡ್ಡ ಇಟ್ಕೊಂಡು ನಕ್ಲು. ಟವೆಲ್ ನನಗೆ ಬೇಕಾಗಿತ್ತು.” ಆಮೇಲೆ, “ಅಲ್ಲಿ ಕಿವಿ ಹಿಂದೆ ಬಿಟ್ಟಿದೀಯ, ಹಚ್ಚು,” ಎಂದಳು.

ಹಚ್ಚಿದೆ.