ನಲ್ಲಿಗೆ ಕಟ್ಟಿದ ದಾರ

ನನಗೆ ಅನುಮಾನ ಜಾಸ್ತಿ ಎಂದು ನಮ್ಮ ಯಜಮಾನರು ಮದುವೆಯಾದ ತಿಂಗಳಿಗೇ ಹೇಳಿಬಿಟ್ಟಿದ್ದರು. ಅನುಮಾನ ಅಲ್ಲ, ಎಚ್ಚರಿಕೆ ಎಂದು ನಾನು ವಾದಿಸುತ್ತಿದ್ದೆ. ಹಾಲಿನವನು ಅಳೆದು ಕೊಟ್ಟ ಮೇಲೂ ನೊರೆ ಇಳಿಯುವ ತನಕ ಅವನನ್ನು ಬಾಗಿಲಲ್ಲೇ ನಿಲ್ಲಿಸಿಕೊಳ್ಳುತ್ತಿದ್ದವಳು ನಾನು.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ನಮ್ಮ ಸಾಲಿನಲ್ಲಿ ಮೊದಲು ಗೀಸರ್ ಬಂದದ್ದು ನಮ್ಮ ಮನೆಗೆ. ಹಂಡೆ ಒಲೆಯ ಹೊಗೆ ತಪ್ಪಿತಲ್ಲ ಎಂದು ನನಗೆ ಅದರ ಮೇಲೆ ವಿಪರೀತ ಮಮಕಾರ. ಸ್ವಿಚ್ ಹಾಕಿದರೆ ಕೆಂಪು ದೀಪ ಹತ್ತುತ್ತಿತ್ತು, ನೀರು ಕಾದ ಮೇಲೆ ತಾನೇ ಆರುತ್ತಿತ್ತು. ಆ ವರ್ಷ ಆಯುಧಪೂಜೆಯ ದಿನ ಹೊಲಿಗೆ ಮಿಷನ್ನು, ಸೈಕಲ್ಲುಗಳ ಜೊತೆ ಅದನ್ನೂ ಒರೆಸಿ, ಗಂಧ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದ್ದೆ. ಹಬ್ಬದ ಮರುದಿನ ನೋಡಿದರೆ ಬರೀ ಉಗುರುಬೆಚ್ಚಗಿನ ನೀರು! ಎಣ್ಣೆ ಹಚ್ಚಿಕೊಂಡು ಕೂತ ನಮ್ಮ ಯಜಮಾನರು ನಡುಗುತ್ತಲೇ ಸ್ನಾನ ಮುಗಿಸಿದರು.

"ಫ್ಯೂಸ್ ಸರಿಯಾಗಿದೆ ಕಣೇ. ಕಾಯಿಲ್ ಸುಟ್ಟಿದ್ರೆ ನೀರು ತಣ್ಣಗೇ ಇರ್ಬೇಕಿತ್ತು," ಎಂದರು ಸ್ಟೂಲಿನಿಂದ ಇಳಿಯುತ್ತಾ.

"ದೀಪ ಆರಿತ್ತು, ನಾನೇ ನೋಡಿದೀನಿ. ಅಂದ್ರೆ ನೀರು ಕಾದಿತ್ತು ತಾನೇ? ಕಾದಿದ್ದನ್ನ ಯಾರೋ ಹಿಡ್ಕೊಂಡಿದಾರೆ. ಆಮೇಲೆ ತಣ್ಣೀರು ತುಂಬ್ಕೊಂಡಿದೆ," ಎಂದೆ.

ಯಾರೋ ಎಂದೆನಾದರೂ ನನ್ನ ತಲೆಯಲ್ಲಿದ್ದದ್ದು ಒಬ್ಬಳೇ, ಪಾತ್ರೆ ತೊಳೆಯುವವಳು. ಮಾರೇನಹಳ್ಳಿಯಿಂದ ನಡೆದು ಬಂದು ನಮ್ಮ ಬೀದಿಯಲ್ಲೇ ನಾಲ್ಕು ಮನೆ ಕೆಲಸ ಮಾಡುತ್ತಿದ್ದಳು. ನಸುಕಿಗೆ ಮೊದಲು ನಮ್ಮ ಮನೆ. ಸ್ನಾನದ ನೀರು ಕಾಯುವ ಹೊತ್ತಿಗೆ ಹಿತ್ತಲ ಕಲ್ಲಿನ ಮೇಲೆ ಕೂತು ಬೂದಿ ಹಚ್ಚಿ ಉಜ್ಜುತ್ತಿದ್ದಳು. ಬಚ್ಚಲಿನ ಬಾಗಿಲು ಅವಳ ಬೆನ್ನ ಹಿಂದೆಯೇ. ಚಳಿಗೆ ಅವಳ ಬೆರಳೆಲ್ಲ ಬಿರಿದಿದ್ದವು. ದಸರೆಗೆ ಮುಂಚೆ ಒಮ್ಮೆ, "ಒಂದ್ ಚೊಂಬು ಬಿಸ್ನೀರ್ ಕೊಡಿ ಅಮ್ಮಾವ್ರೆ," ಎಂದು ಕೇಳಿದ್ದಳು. ಇವತ್ತು ಚೊಂಬು, ನಾಳೆ ಬಕೆಟ್ಟು ಎಂದು ನಾನು ಕೇಳಿಸಿಕೊಳ್ಳದವಳ ಹಾಗೆ ಒಳಗೆ ಹೋಗಿದ್ದೆ. ಕೇಳಿದಾಗ ಕೊಡಲಿಲ್ಲ, ಈಗ ಕೇಳದೆ ತೆಗೆದುಕೊಳ್ಳುತ್ತಿದ್ದಾಳೆ ಎಂದು ಲೆಕ್ಕ ಹಾಕಿದೆ.

ಮರುದಿನ ಅವಳು ಬರುವ ಮೊದಲೇ ಬಿಸಿನೀರಿನ ನಲ್ಲಿಯ ಹಿಡಿಗೆ ಹೊಲಿಗೆಯ ಬಿಳಿ ದಾರ ಸುತ್ತಿ ಗಂಟು ಹಾಕಿದೆ. ಅವಳು ಹೋದ ಮೇಲೆ ನೋಡಿದರೆ ದಾರ ಹಾಗೇ ಇತ್ತು, ನೀರು ಮಾತ್ರ ಉಗುರುಬೆಚ್ಚಗೆ. ನೆಟ್ಟಗೆ ಬುದ್ಧಿ ಇರುವ ಯಾರಿಗಾದರೂ ಅಲ್ಲಿಗೆ ಅರ್ಥವಾಗಬೇಕಿತ್ತು. ನಾನೋ, "ಎಲಾ ಇವಳ! ಬಿಚ್ಚಿ ಮತ್ತೆ ಕಟ್ಟಿದ್ದಾಳೆ," ಎಂದುಕೊಂಡೆ.

ಮಾರನೆಯ ಬೆಳಿಗ್ಗೆ ಹಿತ್ತಲಲ್ಲೇ ನಿಂತು ಕೇಳಿಬಿಟ್ಟೆ. "ಬಿಸ್ನೀರು ಹಿಡ್ಕೊಳ್ತಿದೀಯಾ? ನಿಜ ಹೇಳು."

ಅವಳ ಕೈಯಲ್ಲಿದ್ದ ತೆಂಗಿನ ನಾರು ಹಾಗೇ ನಿಂತಿತು. "ನಾನ್ಯಾಕ್ ಮುಟ್ಲಿ ಅಮ್ಮಾವ್ರೆ? ಮೆಲ್ಲಗ್ ಮಾತಾಡಿ. ನೀವ್ ಹಿಂಗಂದ್ರೆ ಮಿಕ್ಕಿದ್ ಮನೆಯೋರು ನನ್ನ ಬಾಗ್ಲಿಗ್ ಸೇರಿಸ್ತಾರಾ?"

ಮೆಲ್ಲಗೆ ಮಾತಾಡುವ ಅಭ್ಯಾಸ ನನಗಿರಲಿಲ್ಲ. ಪಕ್ಕದ ಕಾಂಪೌಂಡಿನಲ್ಲಿ ಎರಡು ತಲೆ ಕಾಣಿಸಿಕೊಂಡವು. ಅವಳು ಉಜ್ಜಿದ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು ಹೊರಟುಹೋದಳು.

ಆಮೇಲೆ ಎಂಟು ದಿನ ಆ ಕಲ್ಲಿನ ಮೇಲೆ ನಾನೇ ಕೂತೆ. ಮೂರನೆಯ ದಿನಕ್ಕೆ ನನ್ನ ಬೆರಳ ಸಂದಿಯೂ ಉರಿಯತೊಡಗಿತು. ಅವಳಿಲ್ಲದಿದ್ದರೂ ನೀರು ಬಿಸಿಯಾಗಲಿಲ್ಲ. ಆಗ ಹಿಂದಿನ ಮನೆಯವರ ಮೇಲೆ ಅನುಮಾನ ಬಂತು, ನಮ್ಮ ಪೈಪಿಗೆ ಎಲ್ಲೋ ಕನ್ನ ಹಾಕಿದ್ದಾರೆಂದು. "ಸಾಕು ಮಾರಾಯ್ತಿ," ಎಂದು ನಮ್ಮ ಯಜಮಾನರು ಎಲೆಕ್ಟ್ರಿಷಿಯನ್ನನ್ನು ಕರೆತಂದರು.

ಆತ ಯಾವ ನಲ್ಲಿಯನ್ನೂ ತೆರೆಯಗೊಡದೆ ಸ್ವಿಚ್ ಹಾಕಿ ಸುಮ್ಮನೆ ನಿಂತ. ಐದೇ ನಿಮಿಷಕ್ಕೆ ದೀಪ ಆರಿತು. "ನೀರು ಕಾದು ಆರ್ತಿಲ್ಲ ಸಾರ್, ಬೇಗ ಕಟ್ ಆಗ್ತಿದೆ," ಎಂದು ಗೀಸರಿನ ಅಡಿಗೆ ಬಗ್ಗಿ ನೋಡಿ ನಕ್ಕುಬಿಟ್ಟ. "ಬಿಸಿ ಹೆಚ್ಚು ಕಡಿಮೆ ಮಾಡೋ ತಿರುಪು ಇದು. ಪೂರ್ತಿ ಕಮ್ಮಿಗೆ ತಿರುಗಿಸಿ ಅದರ ಮೇಲೆ ಕುಂಕುಮ ಬೇರೆ ಇಟ್ಟಿದಾರಲ್ಲ, ಯಾರು ಸಾರ್?"

ನನಗೆ ಎಲ್ಲ ನೆನಪಾಯಿತು. ಆ ತಿರುಪಿನ ಚಪ್ಪಟೆ ಮುಖ ಗೋಡೆಯ ಕಡೆಗಿತ್ತು. ಬೊಟ್ಟು ಎದುರಿಗೆ ಕಾಣಲಿ ಎಂದು ಅದನ್ನು ಈಚೆಗೆ ತಿರುಗಿಸಿ ಗಂಧ ಹಚ್ಚಿದ್ದು ನಾನೇ. ನಾಚಿಕೆಯಿಂದ ಸತ್ತುಹೋಗೋಣ ಎನ್ನಿಸಿತು.

ಮಧ್ಯಾಹ್ನವೇ ಮಾರೇನಹಳ್ಳಿಗೆ ಹೋದೆ. "ತಪ್ಪು ನಂದೇ ಕಣೇ, ಬಾ," ಎಂದೆ. ನನ್ನ ಮಾತು ಕಿವಿಗೆ ಬಿದ್ದು, ಅವಳು ಕೆಲಸಕ್ಕಿದ್ದ ಮೂಲೆ ಮನೆಯವರು ಆಗಲೇ ಅವಳನ್ನು ಬಿಡಿಸಿದ್ದರು. ಅವರಿಗೂ ಹೋಗಿ ನಿಜ ಹೇಳಿದೆ. "ಈಗ ಬೇರೆಯವಳು ಬರ್ತಾಳಲ್ಲ," ಎಂದರು ಅಷ್ಟೇ.

ಎರಡು ದಿನ ಬಿಟ್ಟು ನಮ್ಮ ಮನೆಗೆ ಬಂದಳು. ನಾನೇ ಬಕೆಟ್ಟಿನ ತುಂಬ ಬಿಸಿನೀರು ಹಿಡಿದು ಅವಳ ಮುಂದೆ ಇಟ್ಟೆ. ನಲ್ಲಿಯ ಹಿಡಿಯಲ್ಲಿ ಇನ್ನೂ ನೇತಾಡುತ್ತಿದ್ದ ದಾರವನ್ನು ಕಿತ್ತೆಸೆಯಲು ಹೋದೆ.

"ಬ್ಯಾಡಿ ಅಮ್ಮಾವ್ರೆ, ಗಂಟ್ ಹಾಕಿ. ನಾಳಿಕ್ಕೆ ಏನಾರ ಆದ್ರೆ ನಂಗೊಂದು ಸಾಕ್ಷಿ ಬೇಕಲ್ಲ."

ಅವಳು ನಮ್ಮಲ್ಲಿ ಕೆಲಸ ಮಾಡಿದಷ್ಟು ದಿನವೂ, ಬಕೆಟ್ಟು ತುಂಬಿಸಿ ಕೊಟ್ಟ ಮೇಲೆ ನಾನು ಆ ನಲ್ಲಿಗೆ ದಾರ ಕಟ್ಟಬೇಕಾಗಿತ್ತು. ಗಂಟು ಬಿಗಿಯಾಗಿದೆಯೇ ಎಂದು ಅವಳು ಬಂದು ನೋಡಿಕೊಂಡ ಮೇಲೇ ಪಾತ್ರೆಗೆ ಕೈ ಹಾಕುತ್ತಿದ್ದಳು.