ಭುವನಾಳ ಡಬ್ಬಿಗಳೂ ಗೋಪಾಲಪ್ಪನವರ ಬುಟ್ಟಾಗಳೂ

ತೊಪ್ಪೂರು ಘಾಟಿಯಲ್ಲಿ ರಸ್ತೆಯ ತಡೆಗೋಡೆಯ ಹಿಂದೆ ಕೈ ಹಾಕಿ ತಡಕಾಡುತ್ತಿರುವ ನಲವತ್ತಮೂರು ವರ್ಷದ ಹೆಂಗಸನ್ನು ಕಂಡರೆ ಯಾರು ಸುಮ್ಮನಿರುತ್ತಾರೆ? ಟೀ ಅಂಗಡಿಯವನು ಏನು ಕಳೆಯಿತೆಂದು ಕೇಳಿದ. ಕಿವಿಯ ಓಲೆ ಬಿದ್ದುಹೋಯಿತೆಂದು ಭುವನಾ ಸುಳ್ಳು ಹೇಳಿದಳು. ಅಷ್ಟೇ ಸಾಕಾಯಿತು. ಟೀ ಕುಡಿಯುತ್ತಿದ್ದ ಲಾರಿಯವರೆಲ್ಲ ಲೋಟ ಇಟ್ಟು ಹುಡುಕಲು ನಿಂತರು. ಓಲೆ ಎಲ್ಲಿಂದ ಸಿಗಬೇಕು, ಎರಡೂ ಅವಳ ಕಿವಿಯಲ್ಲೇ ಇದ್ದವು. ಸಿಕ್ಕಿದ್ದು ಕಲ್ಲಿನ ಸಂದಿಯಲ್ಲಿದ್ದ ಒಂದು ಪ್ಲಾಸ್ಟಿಕ್ ಡಬ್ಬಿ. ಯಾರೋ ಮಾಟ ಮಾಡಿಟ್ಟಿದ್ದಾರೆ ಎಂದು ಒಬ್ಬ ಹಿಂದೆ ಸರಿದ. ಭುವನಾ ಡಬ್ಬಿ ತೆರೆದು, ಒಳಗಿದ್ದ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬಂದು ಮೊಪೆಡ್ ಹತ್ತಿದಳು. ಮೊಪೆಡ್ ಹಿಡಿದುಕೊಂಡು ನಿಂತಿದ್ದ ಗಂಡ ಚಿನ್ನರಾಜನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತಂತೆ.

ಇದಕ್ಕೆ ಜಿಯೋಕ್ಯಾಚಿಂಗ್ ಎನ್ನುತ್ತಾರೆ. ಯಾರೋ ಒಂದು ಡಬ್ಬಿ ಬಚ್ಚಿಟ್ಟು ಜಾಗದ ಗುರುತನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಆ ದಾರಿಯಲ್ಲಿ ಹೋಗುವವರು ಹುಡುಕಿ, ಸಹಿ ಹಾಕಿ, ಹಾಗೇ ಇಟ್ಟು ಬರುತ್ತಾರೆ. ಬಹುಮಾನ ಇಲ್ಲ, ಸನ್ಮಾನ ಇಲ್ಲ. ಸೇಲಂನ ಅಮ್ಮಾಪೇಟೆಯಲ್ಲಿ ನಾನು ಅವರ ಪಕ್ಕದ ಮನೆಯವನು. ಮೊದಲು ಕೇಳಿದಾಗ ಇದೇನು ಹುಚ್ಚು ಎಂದೆ. ಈಗಲೂ ಅದನ್ನೇ ಅನ್ನುತ್ತೇನೆ. ಆದರೆ ಧರ್ಮಪುರಿಗೆ ನೆಂಟರ ಮನೆಗೋ, ನಂಗವಳ್ಳಿಗೆ ಕೆಲಸದ ಮೇಲೋ ಹೋದವಳು ನಾವು ನೂರು ಸಲ ಓಡಾಡಿಯೂ ನೋಡದ ಒಂದು ಹಳೇ ಕಲ್ಲನ್ನೋ ಬಾವಿಯನ್ನೋ ನೋಡಿ ಬರುತ್ತಿದ್ದಳು. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಅವಳ ನಿಜವಾದ ಕೆಲಸ ಸೀರೆಯ ಬುಟ್ಟಾ ಮತ್ತು ಅಂಚುಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬರೆಯುವುದು. ಕಲಿಸಿದವರು ಅಪ್ಪ ಗೋಪಾಲಪ್ಪನವರು. ಅವರು ಜೀವಮಾನವೆಲ್ಲ ಗ್ರಾಫ್ ಕಾಗದದ ಮೇಲೆ ಬರೆದ ಇನ್ನೂರಕ್ಕೂ ಹೆಚ್ಚು ಬುಟ್ಟಾಗಳನ್ನು ಅಪ್ಪ ಮಗಳು ಸೇರಿ ನಾಲ್ಕು ವರ್ಷ ಕೂತು ಕಂಪ್ಯೂಟರಿಗೆ ಇಳಿಸಿದ್ದರು. ಆಮೇಲೆ ಕಾಗದಗಳನ್ನು ಗೆದ್ದಲು ತಿಂದಿತು. ಎರಡು ವರ್ಷದ ಹಿಂದೆ ಗೋಪಾಲಪ್ಪನವರೂ ಹೋದರು. ಉಳಿದದ್ದು ಕಂಪ್ಯೂಟರಿನಲ್ಲಿದ್ದದ್ದು ಮಾತ್ರ.

ಆ ಕಂಪ್ಯೂಟರಿಗೂ ವಯಸ್ಸಾಗಿತ್ತು. ಅದರ ಹಳೇ ಆಪರೇಟಿಂಗ್ ಸಿಸ್ಟಂನಲ್ಲಿ ಡಬ್ಬಿಗಳ ವೆಬ್‌ಸೈಟ್ ತೆರೆಯುವುದೇ ನಿಂತುಹೋಯಿತು. ಪುಕ್ಕಟೆಯಾಗಿ ಸಿಗುವ, ಹಳೇ ಯಂತ್ರದಲ್ಲೂ ಓಡುವ ಹೊಸದೊಂದಿದೆ ಎಂದು ರಿಪೇರಿ ಅಂಗಡಿಯ ವಿಶ್ವನಾಥನ್ ಹೇಳಿದ. "ಅಕ್ಕಾ, ಹಾಕುವಾಗ ಕೇಳ್ತದೆ. ಹಳೇದೆಲ್ಲಾ ಅಳಿಸು ಅಂತ ಕೊಡಿ. ಅದೇ ಕ್ಲೀನು," ಎಂದ. ಭುವನಾ ಬುದ್ಧಿವಂತೆ. ಮೊದಲು ಬುಟ್ಟಾಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ತುಂಬಿದಳು. ಹೊಸ ಸಿಸ್ಟಂ ತುಂಬಿಸಿಕೊಂಡು ಬರಲು ಅಂಥದ್ದೇ ಇನ್ನೊಂದನ್ನು ತಂದು ಅದರ ಪಕ್ಕದಲ್ಲೇ ಇಟ್ಟಳು.

ಇನ್ನು ಚಿನ್ನರಾಜ. ಮಗ್ಗದಲ್ಲಿ ಎಳೆ ತಪ್ಪಿದರೆ ಕಣ್ಣು ಮುಚ್ಚಿ ಹಿಡಿಯುವ ಆಸಾಮಿ, ಮಗ್ಗ ಬಿಟ್ಟು ಎದ್ದರೆ ಚಪ್ಪಲಿ ಎಡಬಲ ತಿಳಿಯದು. ಕೈಗೆ ಸಿಕ್ಕ ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಹೋದ. ಇದರಲ್ಲಿ ಏನಾದರೂ ಇದೆಯಾ ಎಂದು ವಿಶ್ವನಾಥನ್ ಕೇಳಿದರೆ, "ಏನೂ ಇಲ್ಲ, ಒಸದು" ಎಂದ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಹೊಸ ಸಿಸ್ಟಂ ಹಾಕುವ ಕೆಲಸ ಶುರುವಾದಾಗಲೇ ಬೀದಿ ನಲ್ಲಿಯಲ್ಲಿ ನೀರು ಬಂತು. ನೀರು ಬಂದರೆ ನಮ್ಮ ಬೀದಿಯಲ್ಲಿ ಬೇರೆ ಯಾವ ಮಾತೂ ಇಲ್ಲ. "ಅದು ಕೇಳಿದ್ರೆ ಅಳಿಸು ಅಂತ ಒತ್ತಿ," ಎಂದು ಗಂಡನಿಗೆ ಹೇಳಿ ಭುವನಾ ಕೊಡ ಎತ್ತಿಕೊಂಡು ಓಡಿದಳು. ಅವಳು ಬರುವಷ್ಟರಲ್ಲಿ ಪರದೆ ಹೊಸದಾಗಿ ಹೊಳೆಯುತ್ತಿತ್ತು. ಬುಟ್ಟಾಗಳನ್ನು ಮತ್ತೆ ತುಂಬಲು ಇನ್ನೊಂದು ಪೆನ್‌ಡ್ರೈವ್ ಚುಚ್ಚಿದಳು. ಅದು ಬರಿದಾಗಿತ್ತು. ಚಿನ್ನರಾಜ ಅಂಗಡಿಗೆ ಒಯ್ದದ್ದು ಯಾವುದೆಂದು, ಅಲ್ಲಿ ಅಳಿಸಿಹೋದದ್ದು ಏನೆಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೂ ಸಮಾಧಾನವಾಗುತ್ತಿತ್ತು. ಗೋಡೆಗೆ ಒರಗಿ ಕೂತು, "ಅಪ್ಪ ಇನ್ನೊಂದ್ಸಲ ಸತ್ತಂಗಾಯ್ತು," ಎಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹಾಗೇ ಮನೆಗೆ ಬಂದೆ.

ಎರಡು ದಿನ ಭುವನಾ ಕಂಪ್ಯೂಟರಿನ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ನಂಗವಳ್ಳಿಗೆ ಹೋಗಲೇಬೇಕಿತ್ತು. ದಾರಿಯ ಕೆರೆಯ ದಂಡೆಯಲ್ಲಿ ಒಂದು ಡಬ್ಬಿ ಇದೆಯೆಂದು ಅವಳೇ ಎಂದೋ ಹೇಳಿದ್ದಳು. ಅಂದು ನಿಲ್ಲಿಸಿ ಎನ್ನಲಿಲ್ಲ. ಚಿನ್ನರಾಜನೇ ನಿಲ್ಲಿಸಿದ. ಪಂಚೆ ಎತ್ತಿಕಟ್ಟಿ ಜಾಲಿಮುಳ್ಳಿನಲ್ಲಿ ಕೈ ಹಾಕಿ, ತರಚಿಸಿಕೊಂಡು, ಅರ್ಧ ಗಂಟೆ ಹುಡುಕಿ, ಬರಿಗೈಯಲ್ಲಿ ಬಂದ. ಬಂದವನೇ ಮೊಪೆಡ್ ಪಕ್ಕ ನೆಲದ ಮೇಲೆ ಕೂತುಬಿಟ್ಟ.

"ಇನ್ನೊಂದ್ ತಪ್ಪೂ ಮಾಡಿವ್ನಿ, ಭುವನಾ. ನಿಂಗೆ ಯೋಳ್ಳಿಲ್ಲ."

"ಇನ್ನೇನ್ ಉಳ್ದೈತೆ, ಯೋಳಿ."

"ಅಳಿಸು ಅಂತ ಒತ್ತಿ ಅಂದಲ್ಲ, ನಾ ಅದ್ನ ಒತ್ಲೇ ಇಲ್ಲ. ಇನ್ನೊಂದ್ ಇತ್ತು, ಹಳೇದ್ರ ಪಕ್ಕದಲ್ಲೇ ಒಸದನ್ನ ಕೂರಿಸು ಅಂತ. ಅದ್ನ ಒತ್ಬುಟ್ಟೆ. ಪಾವು ಕಟ್ಟೋಕ್ ಮುಂಚೆ ಹಳೇದ್ನ ಯಾವನಾದ್ರೂ ಕತ್ತರಿಸ್ತಾನಾ? ಕೈಯೇ ಬರ್ಲಿಲ್ಲ. ನೀ ಯೋಳ್ದಂಗೆ ಒತ್ತಿದ್ರೆ ಎಲ್ಲಾ ಸರಿಯಾಗ್ತಿತ್ತೇನೋ."

ಮಗ್ಗದ ಹಾಸನ್ನು ನಮ್ಮವರು ಪಾವು ಎನ್ನುತ್ತಾರೆ. ಹಳೇ ಹಾಸು ಮುಗಿಯುತ್ತ ಬಂದಾಗ ಕೊನೆಯ ಗೇಣುದ್ದವನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಅದಕ್ಕೆ ಗಂಟು ಹಾಕುತ್ತಾರೆ. ಅದಕ್ಕೆ ಮೊದಲೇ ಹಳೆಯದನ್ನು ಕತ್ತರಿಸಿಬಿಟ್ಟರೆ ಎಲ್ಲ ಎಳೆಯನ್ನೂ ಮತ್ತೆ ಮೊದಲಿನಿಂದ ಮಗ್ಗಕ್ಕೆ ಪೋಣಿಸುತ್ತ ಕೂರಬೇಕು. ಮೂವತ್ತು ವರ್ಷ ನೇಯ್ದ ಕೈ ಕಂಪ್ಯೂಟರಿನ ಮುಂದೆಯೂ ಆ ಪಾಠ ಮರೆತಿರಲಿಲ್ಲ.

ಭುವನಾ ಗಂಡನ ಮುಖವನ್ನೇ ನೋಡಿದಳು. ಆಮೇಲೆ ನಗತೊಡಗಿದಳು, ನಗುತ್ತಲೇ ಅತ್ತಳು. "ಎದ್ದೇಳಿ," ಎಂದಳು, "ಗಾಡಿ ತಿರುಗಿಸಿ. ನಂಗವಳ್ಳಿ ನಾಳೆ ನೋಡ್ಕಂಡ್ರಾಯ್ತು."

ಮಧ್ಯಾಹ್ನದ ಬಿಸಿಲಲ್ಲಿ ಮೊಪೆಡ್ ಬಂದ ವೇಗ ನೋಡಿ ಯಾರಿಗೇನಾಯಿತೋ ಎಂದು ನಾನೂ ಹಿಂದೆಯೇ ಹೋದೆ. ಭುವನಾ ಹೊಸ ಪರದೆಯ ಒಂದೊಂದು ಮೂಲೆಯನ್ನೂ ಜಾಲಾಡಿದಳು. ಫೈಲುಗಳ ಪಟ್ಟಿಯ ಎಡಬದಿಯಲ್ಲಿ, ಹೆಸರಿಲ್ಲದೆ ಬರೀ ಒಂದು ಸಂಖ್ಯೆ ಹೊತ್ತ ಡಿಸ್ಕಿನ ಗುರುತು ಕಂಡಿತು. ಒತ್ತಿದಳು. ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಹಳೇ ಕಂಪ್ಯೂಟರು ಇಡಿಯಾಗಿ ಅದರೊಳಗೆ ಕೂತಿತ್ತು. ಮಾವಿನಕಾಯಿ, ರುದ್ರಾಕ್ಷಿ, ಜೋಡಿ ನವಿಲು, ಒಂದೂ ತಪ್ಪಿರಲಿಲ್ಲ. ಹೊಸ ಸಿಸ್ಟಂನ ಚಿತ್ರ ಬರೆಯುವ ಪ್ರೋಗ್ರಾಂನಲ್ಲೂ ಅವು ಸಲೀಸಾಗಿ ತೆರೆದವು. ಚಿನ್ನರಾಜ ಕಣ್ಣೊರೆಸಿಕೊಂಡ, ನಾನೂ ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಪಟ್ಟಿಯ ಕೊನೆಯಲ್ಲಿ ಒಂದು ಅನ್ನಪಕ್ಷಿ, ಅಂದರೆ ಹಂಸದ ಬುಟ್ಟಾ ಇತ್ತು. ಕೊಕ್ಕು, ಕತ್ತು, ಒಂದು ರೆಕ್ಕೆ, ಅಷ್ಟೇ. ಗೋಪಾಲಪ್ಪನವರು ಆಸ್ಪತ್ರೆಗೆ ಹೋದ ದಿನ ಅದು ಅಲ್ಲಿಗೇ ನಿಂತಿತ್ತು. ಅದನ್ನು ತೆರೆಯಲು ಎರಡು ವರ್ಷ ಅವಳಿಗೆ ಧೈರ್ಯ ಬಂದಿರಲಿಲ್ಲ. ಅಂದು ತೆರೆದಳು. "ಬನ್ನಿ, ಇಲ್ಲಿ ಕೂತ್ಕಳಿ," ಎಂದು ಗಂಡನನ್ನು ಕರೆದಳು. "ಇನ್ನೊಂದ್ ರೆಕ್ಕೆ ಎಷ್ಟ್ ಅಗಲ ಇರ್ಬೇಕು, ಯೋಳಿ."

ಆ ಹಕ್ಕಿ ಈಗ ಚಿನ್ನರಾಜನ ಮಗ್ಗದಲ್ಲಿದೆ. ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತೇನೆ. ಎರಡನೆಯ ರೆಕ್ಕೆ ನಿನ್ನೆ ಮುಗಿಯಿತು.